ಮೋನುವಿನ ತಲೆಬುರುಡೆ

ಮೇ ತಿಂಗಳ ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ತೆರೆಯುತ್ತಿದ್ದಾಗ ಫೋನು ಬಂತು. ಮಾತಾಡಿದವರು ಕಾರ್ಕಳದ ಹತ್ತಿರದ ಒಂದು ಸಣ್ಣ ಖಾಸಗಿ ಮೃಗಾಲಯದ ಪಶುವೈದ್ಯರು.

"ನಮ್ಮಲ್ಲಿ ಎರಡೂವರೆ ವರ್ಷದ ಗಂಡು ಸಿಂಹ ಬೆಳಿಗ್ಗೆ ಸತ್ತಿದೆ. ಮರಣೋತ್ತರ ಪರೀಕ್ಷೆ ಮುಗಿಯಿತು, ನ್ಯುಮೋನಿಯಾ. ಸಂಜೆಯೊಳಗೆ ಹೂಳಬೇಕು. ಮುಂದೆ ಅದರ ಅಸ್ಥಿಪಂಜರ ನಿಲ್ಲಿಸಬೇಕು ಎಂದು ಆಡಳಿತದವರ ಇಚ್ಛೆ. ಹೂಳುವಾಗ ಏನು ಜಾಗ್ರತೆ ಮಾಡಬೇಕು ಹೇಳಿ."

ನಾನು ಮಣಿಪಾಲದ ಒಂದು ಅಂಗರಚನಾ ಸಂಗ್ರಹಾಲಯದಲ್ಲಿ ಮೂಳೆಗಳನ್ನು ಸಿದ್ಧಪಡಿಸುವವನು. ದಾನವಾಗಿ ಬಂದ ದೇಹಗಳ ಮೂಳೆ ಬಿಡಿಸಿ, ತೊಳೆದು, ಒಣಗಿಸಿ, ತಂತಿಯಲ್ಲಿ ಪೋಣಿಸಿ ವಿದ್ಯಾರ್ಥಿಗಳ ಮುಂದೆ ನಿಲ್ಲಿಸುವುದು ನನ್ನ ಕೆಲಸ. ನಾಯಿ, ಕುದುರೆ, ಒಮ್ಮೆ ಒಂದು ಡಾಲ್ಫಿನ್ ಕೂಡ ಮಾಡಿದ್ದೆ. ಸಿಂಹ ಮಾಡಿರಲಿಲ್ಲ. ಆದರೂ ಹೇಳಬೇಕಾದದ್ದು ಗೊತ್ತಿತ್ತು. ಸುಣ್ಣ ಸುರಿಯಬೇಡಿ, ಅದು ಮೂಳೆಯ ಮೈಯನ್ನೇ ತಿನ್ನುತ್ತದೆ. ಮಾಂಸವನ್ನು ಆದಷ್ಟು ಬಿಡಿಸಿ. ನಾಲ್ಕು ಪಂಜಗಳನ್ನು ಬೇರೆ ಬೇರೆ ಕಟ್ಟಿ ಎಡ ಬಲ ಗುರುತು ಹಾಕಿ. ಇಲ್ಲದಿದ್ದರೆ ಆ ಚಿಕ್ಕ ಮೂಳೆಗಳನ್ನು ಆಮೇಲೆ ದೇವರೇ ಬಂದು ಜೋಡಿಸಬೇಕು. ಇಡೀ ದೇಹವನ್ನು ಬಲೆಯಲ್ಲಿ ಸುತ್ತಿ ಹೂಳಿ.

"ಬಲೆ ಈಗ ಎಲ್ಲಿಂದ ತರುವುದು?" ಎಂದರು ವೈದ್ಯರು. ಅವರು ಘಟ್ಟದ ಮೇಲಿನವರು.

ಅವರ ಹಿಂದಿನಿಂದ ಇನ್ನೊಂದು ದನಿ ಕೇಳಿಸಿತು. "ಬಲೆ ನಮ್ಮ ಕಾಪುವಿನಲ್ಲಿ ಬೇಕಾದಷ್ಟು ಉಂಟು ಸರ್. ನಾನು ತರ್ತೇನೆ. ನೀವು ಗುಂಡಿ ತೆಗೆಸಿ."

ಅದು ಸಿಂಹಗಳನ್ನು ನೋಡಿಕೊಳ್ಳುವ ಪಾಲಕರ ದನಿ ಎಂದು ಆಮೇಲೆ ತಿಳಿಯಿತು.

ನಮ್ಮ ಕಡೆಯ ಮಳೆಗಾಲ ನನ್ನ ಕೆಲಸದ ಅರ್ಧವನ್ನು ತಾನೇ ಮಾಡಿ ಮುಗಿಸುತ್ತದೆ. ಏಳು ತಿಂಗಳು ಬಿಟ್ಟು, ಡಿಸೆಂಬರಿನಲ್ಲಿ, ಅರಣ್ಯ ಇಲಾಖೆಯ ಅನುಮತಿ ಪತ್ರ ಕೈಗೆ ಬಂದ ಮೇಲೆ ಅಗೆಯಲು ಹೋದೆವು. ಇಲಾಖೆಯಿಂದ ಒಬ್ಬ ಅಧಿಕಾರಿ ಬಂದಿದ್ದರು. ಚಿಕ್ಕ ಪ್ರಾಯದ ಹೆಣ್ಣುಮಗಳು, ಕೈಯಲ್ಲಿ ಪಟ್ಟಿ. ಸಿಂಹದ ಉಗುರಿಗೂ ಕೋರೆಹಲ್ಲಿಗೂ ಕಳ್ಳ ಗಿರಾಕಿಗಳು ಇರುವುದರಿಂದ ಅವುಗಳನ್ನು ಎಣಿಸಿಯೇ ಕೊಡುತ್ತಾರೆ: ನಾಲ್ಕು ಕೋರೆಹಲ್ಲು, ಹದಿನೆಂಟು ಉಗುರು.

ಪಾಲಕರನ್ನು ನಾನು ಮೊದಲು ನೋಡಿದ್ದು ಆ ಗುಂಡಿಯ ಅಂಚಿನಲ್ಲಿ. ಕಾಪುವಿನ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಂ, ಐವತ್ತು ದಾಟಿದವರು, ಹೆಚ್ಚುಕಡಿಮೆ ನನ್ನದೇ ಪ್ರಾಯ. ಗಲ್ಫಿನಲ್ಲಿ ಹದಿನಾಲ್ಕು ವರ್ಷ ಕುದುರೆ ಲಾಯದಲ್ಲಿ ದುಡಿದು ಬಂದವರು. ನಾನು ಕಲ್ಯಾಣಪುರದ ಕ್ರಿಶ್ಚಿಯನ್ ಎಂದು ತಿಳಿದ ಕೂಡಲೇ ಅವರು ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಕರೆಯುವಂತೆ ನನ್ನನ್ನು 'ಪೊರ್ಬುಗಳೇ' ಎಂದು ಕರೆಯತೊಡಗಿದರು. ನಾನು ಅವರನ್ನು 'ಬ್ಯಾರಿಗಳೇ' ಎಂದೆ. ಕೊನೆಯವರೆಗೂ ನಮ್ಮಿಬ್ಬರ ಹೆಸರಿಗೆ ಕೆಲಸವೇ ಬೀಳಲಿಲ್ಲ.

ಗುದ್ದಲಿಯ ಕೆಲಸ ಒಂದು ಮೊಳದವರೆಗೆ ಮಾತ್ರ. ಆಮೇಲೆ ಕರಣೆ, ಅದರ ನಂತರ ಬ್ರಶ್ಶು. ಕೆಂಪು ಮಣ್ಣಿನಲ್ಲಿ ನೀಲಿ ಬಲೆಯ ಅಂಚು ಕಂಡಿತು. ಬಲೆಯನ್ನು ನಾಲ್ಕು ಮೂಲೆಯಲ್ಲಿ ಹಿಡಿದು ಎತ್ತಿದಾಗ ಇಡೀ ಸಿಂಹ ಒಂದು ಮೂಟೆಯಾಗಿ ಮೇಲೆ ಬಂತು. ಮೂಳೆಗಳಿಗೆ ಹೆಂಚಿನ ಬಣ್ಣ. ಪಂಜಗಳ ಗಂಟು ಬಿಚ್ಚಿ ಅಧಿಕಾರಿಯ ಎದುರು ಉಗುರು ಎಣಿಸಿದೆವು. ಹದಿನೇಳು. ಎಡ ಮುಂಗಾಲಿನಲ್ಲಿ ಒಂದು ಕಡಿಮೆ.

ಪಾಲಕರು ನೆಲದಲ್ಲಿ ಕೂತು ಆ ಪಂಜದ ಬಲೆಯನ್ನು ಕಣ್ಣು ಕಣ್ಣಾಗಿ ಬಿಡಿಸತೊಡಗಿದರು. ಅರ್ಧ ಗಂಟೆಯ ಮೇಲೆ ಗಂಟಿನೊಳಗೆ ಮಣ್ಣಿನ ಉಂಡೆಯಂತೆ ಅಂಟಿಕೊಂಡಿದ್ದ ಹೆಬ್ಬೆರಳಿನ ಉಗುರು ಸಿಕ್ಕಿತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಹೇಳಿದರು: "ಮೋನು ಯಾವಾಗ್ಲೂ ಈ ಕೈಯಿಂದಲೇ ನನ್ನ ಪ್ಯಾಂಟ್ ಎಳೀತಿದ್ದ."

ಬೋರ್ಡಿನಲ್ಲಿ ಆ ಸಿಂಹದ ಹೆಸರು ಬೇರೆ ಇತ್ತು. ಮೋನು ಎಂದರೆ ಬ್ಯಾರಿ ಮನೆಗಳಲ್ಲಿ ಮಗನನ್ನು ಕರೆಯುವ ಮಾತು. ತಾಯಿ ಎರಡು ಮರಿ ಹಾಕಿತ್ತಂತೆ, ಒಂದು ಹೆಣ್ಣು, ಒಂದು ಗಂಡು. ಹೆಣ್ಣನ್ನು ಬಾಯಲ್ಲಿ ಕಚ್ಚಿಕೊಂಡು ಒಳಗೂಡಿಗೆ ಹೋಯಿತು, ಗಂಡನ್ನು ಬಿಟ್ಟಿತು. ಬಿಟ್ಟದ್ದನ್ನು ಪಾಲಕರು ಬಾಟಲಿ ಹಾಲಿನಲ್ಲಿ ಸಾಕಿದರು. ಹೆಣ್ಣು ಒಂದು ವರ್ಷ ದಾಟುವಷ್ಟರಲ್ಲಿ ಹಾವು ಕಚ್ಚಿ ಸತ್ತಿತು. ಮೋನು ಉಳಿದ. ಆದರೆ ಬೆಳೆಯುತ್ತಾ ತಲೆ ಒಂದು ಬದಿಗೆ ವಾಲತೊಡಗಿತು. ಓಡಿದರೆ ಹಿಂಗಾಲು ತೊಡರಿ ಬೀಳುತ್ತಿತ್ತು. ಕೊನೆಯ ತಿಂಗಳುಗಳಲ್ಲಿ ಊಟ ಮಾಡುವಾಗ ಕೆಮ್ಮುತ್ತಿತ್ತು.

"ಇನ್ನೊಂದು ಮರಿ ಆಗ್ಲಿ ಅಂತ ನನಗೆ ಆಸೆ ಉಂಟು ಪೊರ್ಬುಗಳೇ," ಎಂದರು. "ಈ ಸಲ ಮೊದಲ ದಿವಸದಿಂದ ನಾನು ಸರಿಯಾಗಿ ನೋಡಿಕೊಳ್ತೇನೆ."

ಆ ಆಸೆ ಅವರೊಬ್ಬರದ್ದೇ ಆಗಿರಲಿಲ್ಲ. ಮೃಗಾಲಯವನ್ನು ನಡೆಸುವ ಟ್ರಸ್ಟಿನ ಕಾರ್ಯದರ್ಶಿ ನನ್ನನ್ನು ಹೊಸದಾಗಿ ಕಟ್ಟುತ್ತಿದ್ದ ಒಂದು ಕೋಣೆಗೆ ಕರೆದುಕೊಂಡು ಹೋದರು. ಸಿಂಹದ ಅಸ್ಥಿಪಂಜರ ನಡುವೆ ನಿಲ್ಲಬೇಕು, ಒಂದು ಕಾಲು ಎತ್ತಿ, ಬಾಯಿ ತೆರೆದು. ಗೋಡೆಯ ಮೇಲೆ ಸಿಂಹ ಸಂರಕ್ಷಣೆಯ ಫಲಕ. ಜೊತೆಗೇ, ಮೋನುವಿನ ತಂದೆ ತಾಯಿಯಾದ ಜೋಡಿಯಿಂದ ಮತ್ತೆ ಮರಿ ಮಾಡಿಸಲು ಅವರು ಮೇಲಿನವರಿಗೆ ಅರ್ಜಿ ಹಾಕಿದ್ದರು.

ಆ ಜೋಡಿ ಮುಚ್ಚಿಹೋದ ಒಂದು ಸರ್ಕಸ್ಸಿನಿಂದ ಬಂದದ್ದು. ವೈದ್ಯರು ಚಹಾ ಕುಡಿಯುತ್ತಾ ನನಗೆ ಬಿಡಿಸಿ ಹೇಳಿದರು: ಸರ್ಕಸ್ಸುಗಳಲ್ಲಿ ಆಫ್ರಿಕಾದ ಸಿಂಹವನ್ನೂ ನಮ್ಮ ಗಿರ್ ಕಾಡಿನ ಸಿಂಹವನ್ನೂ ಬೆರೆಸಿಬಿಟ್ಟಿದ್ದರು. ಅಣ್ಣ ತಂಗಿ ಎಂದೂ ನೋಡಲಿಲ್ಲ. ಅಂಥ ಮಿಶ್ರ ಸಿಂಹಗಳ ಸಂತಾನ ಬೆಳೆಸಬಾರದೆಂದು ನಮ್ಮ ದೇಶದ ಮೃಗಾಲಯಗಳು ಎಂದೋ ತೀರ್ಮಾನಿಸಿವೆ. ಇಲ್ಲಿ ಮೊದಲ ಸಲ ಮರಿಯಾದದ್ದು ಅಜಾಗ್ರತೆಯಿಂದ.

"ಹಾಗಾದರೆ ಬೋನಿನಲ್ಲಿ ಮರಿ ಮಾಡಿಸುವುದೇ ತಪ್ಪಾ?" ಎಂದು ಕೇಳಿದೆ.

"ಹಾಗೆ ಹೇಳಲಾರೆ. ಗಿರ್ ಸಿಂಹಗಳೆಲ್ಲ ಇರುವುದು ಒಂದೇ ಸೀಮೆಯಲ್ಲಿ. ಒಂದು ಕೆಟ್ಟ ರೋಗ ಬಂದರೆ ಏನು ಗತಿ? ಅದಕ್ಕೇ ಶುದ್ಧ ತಳಿಯನ್ನು, ವಂಶದ ಲೆಕ್ಕ ಇಟ್ಟು, ಕೆಲವು ಕಡೆ ಬೆಳೆಸುತ್ತಾರೆ. ರೈತ ಬೀಜ ಎತ್ತಿಡುವ ಹಾಗೆ. ಅದರಲ್ಲೂ ಜಗಳ ಇದೆ. ಕಾಡು ಕೊಡದೆ ಬೋನು ಕೊಟ್ಟರೆ ಏನು ಬಂತು ಎನ್ನುವವರಿದ್ದಾರೆ. ಆದರೆ ನಮ್ಮದು ಆ ಬೀಜವೂ ಅಲ್ಲವಲ್ಲ."

ನಾನು ತಲೆಯಾಡಿಸಿದೆ. ಆ ಹೊತ್ತಿಗೆ ಅದು ನನ್ನ ಪ್ರಶ್ನೆಯಾಗಿರಲಿಲ್ಲ. ನನ್ನದು ಮೂಳೆಯ ಕೆಲಸ.

ಮೂಳೆಗಳನ್ನು ಮಣಿಪಾಲಕ್ಕೆ ತಂದು ನಮ್ಮ ಕಟ್ಟಡದ ಹಿಂದಿನ ಶೆಡ್ಡಿನಲ್ಲಿ ಕೆಲಸ ಶುರು ಮಾಡಿದೆ. ಸ್ಟೀಲಿನ ಡ್ರಮ್ಮಿನಲ್ಲಿ ಉಗುರುಬೆಚ್ಚಗಿನ ನೀರು, ಬಟ್ಟೆ ಒಗೆಯುವ ಪುಡಿ. ಕುದಿಸಬಾರದು, ಕುದಿಸಿದರೆ ಕೊಬ್ಬು ಮೂಳೆಯೊಳಗೆ ಇಳಿದು ವರ್ಷಗಳ ನಂತರ ಹಳದಿಯಾಗಿ ಒಸರುತ್ತದೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಉಳಿದ ನಾರನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ ತೆಗೆಯಬೇಕು. ಮೂರು ವಾರ ಹೀಗೆ. ಆಮೇಲೆ ಕೊಬ್ಬು ಬಿಡಿಸಲು ಅಸಿಟೋನ್, ಬಿಳಿಯಾಗಲು ಪೆರಾಕ್ಸೈಡ್. ಕೆಂಪು ಮಣ್ಣಿನ ಬಣ್ಣ ಪೂರ್ತಿ ಹೋಗಲಿಲ್ಲ. ಅದು ಹೋಗಬೇಕೆಂದು ನಾನೂ ಹಠ ಹಿಡಿಯಲಿಲ್ಲ.

ತಲೆಬುರುಡೆಯನ್ನು ಕೊನೆಗೆ ಎತ್ತಿಕೊಂಡೆ. ವೈದ್ಯರು ಪ್ರದರ್ಶನಕ್ಕೆ ಬೇಕೆಂದು ಅದನ್ನು ಕೊಯ್ದಿರಲಿಲ್ಲ. ಒಳಗೆ ಉಳಿದ ಮಣ್ಣನ್ನು ತೊಳೆಯಲು ಹಿಂಭಾಗದ ದೊಡ್ಡ ರಂಧ್ರಕ್ಕೆ ಬೆರಳು ಹಾಕಬೇಕು. ಬೆನ್ನುಹುರಿ ಮೆದುಳಿನಿಂದ ಹೊರಗೆ ಬರುವ ದಾರಿ ಅದು. ನಾನು ಅಭ್ಯಾಸದಂತೆ ಹೆಬ್ಬೆರಳು ಹಾಕಲು ಹೋದೆ. ಹೋಗಲಿಲ್ಲ. ತೋರುಬೆರಳೂ ಹೋಗಲಿಲ್ಲ. ಕಿರುಬೆರಳು ಮೊದಲ ಗೆಣ್ಣಿನವರೆಗೆ ಹೋಗಿ ನಿಂತಿತು.

ನಮ್ಮ ಸಂಗ್ರಹದಲ್ಲಿ ಹಳೆಯ ಕಾಲದ ಒಂದು ಚಿರತೆಯ ತಲೆಬುರುಡೆ ಇದೆ. ಅದನ್ನು ಕಪಾಟಿನಿಂದ ಇಳಿಸಿ ಪಕ್ಕದಲ್ಲಿಟ್ಟೆ. ಸಿಂಹದ್ದರ ಮುಂದೆ ಅದು ಆಟಿಕೆಯಂತೆ ಕಾಣುತ್ತಿತ್ತು. ಅದರ ರಂಧ್ರದಲ್ಲಿ ನನ್ನ ತೋರುಬೆರಳು ಸಲೀಸಾಗಿ ಓಡಾಡಿತು. ಸಿಂಹದ ತಲೆಬುರುಡೆಯನ್ನು ಮತ್ತೆ ಕೈಗೆ ತೆಗೆದುಕೊಂಡೆ. ಹಿಂಭಾಗ ಅಸಹಜವಾಗಿ ಭಾರ ಇತ್ತು.

ವಿಭಾಗದ ಮುಖ್ಯಸ್ಥರಾದ ಮೇಡಂ ಹತ್ತಿರ ಒಯ್ದೆ. ಅವರು ತಿರುಗಿಸಿ ತಿರುಗಿಸಿ ನೋಡಿ, "ನಾನು ಮನುಷ್ಯರ ಡಾಕ್ಟರ್. ಊಹೆ ಹೇಳುವುದಿಲ್ಲ. ಸ್ಕ್ಯಾನ್ ಮಾಡಿಸುವ," ಎಂದರು. ರೋಗಿಗಳಿಲ್ಲದ ಒಂದು ಭಾನುವಾರ ಸಿಂಹದ ತಲೆ ಮನುಷ್ಯರ ಯಂತ್ರದೊಳಗೆ ಹೋಯಿತು. ಪರದೆಯ ಮೇಲೆ ನೋಡಿದಾಗ ಕಾಗದದಷ್ಟು ತೆಳ್ಳಗಿರಬೇಕಾದ ಕಡೆ ಮೂಳೆ ನನ್ನ ಬೆರಳಿನಷ್ಟು ದಪ್ಪ ಇತ್ತು. ಹೊರಗಿನಿಂದ ಒಳಗಿನ ಕಡೆಗೆ ಬೆಳೆದು, ಕಿರುಮೆದುಳು ಕೂರುವ ಜಾಗವನ್ನು ಕಿತ್ತುಕೊಂಡಿತ್ತು.

ಮೇಡಂ ಆ ಚಿತ್ರಗಳನ್ನು ದೂರದೂರಿನ ಒಬ್ಬ ಪಶುರೋಗ ತಜ್ಞರಿಗೆ ಕಳಿಸಿದರು. ಉತ್ತರ ಹತ್ತು ದಿನದಲ್ಲಿ ಬಂತು. ಬೋನಿನಲ್ಲಿ ಬೆಳೆದ ಸಿಂಹದ ಮರಿಗಳಲ್ಲಿ ಇದು ಕಾಣಸಿಗುತ್ತದೆ. ಎಳೆಯದರಲ್ಲಿ ಎ ಜೀವಸತ್ವ ಕಡಿಮೆಯಾದರೆ ಹೀಗಾಗುತ್ತದೆ. ಬರೀ ಮಾಂಸ ತಿಂದು ಲಿವರ್ ತಿನ್ನದ ಮರಿಗಳಿಗೆ ಅಪಾಯ ಹೆಚ್ಚು. ಹತ್ತಿರದ ರಕ್ತಸಂಬಂಧದಲ್ಲಿ ಹುಟ್ಟಿದ ಮರಿಗಳಲ್ಲಿ ವಂಶದ ದೋಷವೂ ಇರಬಹುದು. ನುಂಗುವ ನರಗಳು ಒತ್ತಿಹೋಗಿ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿರಬಹುದು. ಒಂದೇ ತಲೆಬುರುಡೆಯಿಂದ ಕಾರಣ ಯಾವುದೆಂದು ಹೇಳಲಾಗದು.

ಕಾಗದ ಓದಿ ವೈದ್ಯರಿಗೆ ಫೋನು ಮಾಡಿದೆ. ಅದರಲ್ಲಿದ್ದದ್ದನ್ನು ಓದಿ ಹೇಳಿದೆ.

"ರೇಬಿಸ್ ಪರೀಕ್ಷೆಗೆಂದು ಆ ರಂಧ್ರದಿಂದಲೇ ನಾನು ಮೆದುಳಿನ ಚೂರು ತೆಗೆದೆ," ಎಂದರು. "ನಳಿಗೆ ಒಳಗೆ ಹೋಗಲೇ ಇಲ್ಲ. ನನ್ನ ಕೈಯದೇ ತಪ್ಪು ಅಂದುಕೊಂಡೆ. ಹೇಗೋ ತಿರುಗಿಸಿ ತೆಗೆದೆ. ನಿಂತು ಯೋಚಿಸಬೇಕಿತ್ತು."

"ಊಟ ಏನು ಕೊಡುತ್ತಿದ್ದರು?"

"ಪಟ್ಟಿಯಲ್ಲಿ ಲಿವರ್ ಬರೆದುಕೊಟ್ಟಿದ್ದೆ. ಅದು ಉಗುಳುತ್ತಿತ್ತಂತೆ. ಪಾಲಕರು ಮೂಳೆ ಬಿಡಿಸಿದ ಕೋಳಿಮಾಂಸ ಕೈಯಾರೆ ತಿನ್ನಿಸುತ್ತಿದ್ದರು. ಬಹಳ ಚೆನ್ನಾಗಿ ತಿನ್ನುತ್ತದೆ ಎಂದು ಹೇಳಿದರು, ನಾನೂ ಸಂತೋಷಪಟ್ಟೆ. ಏನು ತಿನ್ನುತ್ತಿದೆ ಎಂದು ಕೂತು ನೋಡಲಿಲ್ಲ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಅವರಿಗೆ ಇದನ್ನು ಹೇಳಬೇಡಿ. ಹೇಗಿದ್ದರೂ ಸಿಂಹ ಸತ್ತಾಗಿದೆ."

ಎರಡು ದಿನಗಳ ನಂತರ ಕಾರ್ಯದರ್ಶಿಯವರೇ ನಮ್ಮ ಶೆಡ್ಡಿಗೆ ಬಂದರು. ವೈದ್ಯರು ಅವರಿಗೆ ಹೇಳಿದ್ದರು, ಹೇಳಲೇಬೇಕಿತ್ತು. ಮುಖದಲ್ಲಿ ಬೇಸರ ಇರಬಹುದೆಂದು ನಾನು ಎಣಿಸಿದ್ದೆ. ಇರಲಿಲ್ಲ.

"ಒಂದು ಲೆಕ್ಕದಲ್ಲಿ ಇದು ಒಳ್ಳೆಯ ಸುದ್ದಿಯೇ ಅಲ್ವಾ?" ಎಂದರು. "ತಳಿಯಲ್ಲಿ ದೋಷ ಇಲ್ಲ, ತಿನ್ನಿಸಿದ್ದರಲ್ಲಿ ದೋಷ. ಪಾಲಕರನ್ನು ಬದಲಾಯಿಸಿದರೆ ಆಯ್ತು. ನಾನು ಅರ್ಜಿಯ ಜೊತೆ ಹಾಗೆಯೇ ಬರೆಯುತ್ತೇನೆ. ನೀವು ಈ ತಲೆಯನ್ನು ಕುತ್ತಿಗೆಗೆ ಸರಿಯಾಗಿ ಕೂರಿಸಿಬಿಡಿ. ಹಿಂದಿನಿಂದ ಯಾರು ನೋಡ್ಲಿಕ್ಕೆ ಹೋಗ್ತಾರೆ?"

ಅವರು ಹೇಳಿದ್ದು ಕಷ್ಟದ ಕೆಲಸವೇನಲ್ಲ. ಕುತ್ತಿಗೆಯ ಮೊದಲ ಮೂಳೆಯನ್ನು ಎಪಾಕ್ಸಿ ಅಂಟು ಹಾಕಿ ಕೂರಿಸಿದರೆ ರಂಧ್ರ ಅದರ ಹಿಂದೆ ಮುಚ್ಚಿಹೋಗುತ್ತದೆ. ಎಲ್ಲ ಅಸ್ಥಿಪಂಜರಗಳಲ್ಲೂ ಅದು ಹಾಗೇ ಇರುವುದು.

ಆ ವಾರ ನಾನು ಪಕ್ಕೆಲುಬುಗಳಿಗೆ ತೂತು ಕೊರೆಯುತ್ತಾ ಇದನ್ನೇ ಯೋಚಿಸಿದೆ. ಸುಮ್ಮನಿದ್ದರೆ ಪಾಲಕರ ಕೆಲಸ ಉಳಿಯುವುದಿಲ್ಲ, ಯಾಕೆ ಹೋಯಿತು ಎಂದು ಅವರಿಗೆ ಗೊತ್ತೂ ಆಗುವುದಿಲ್ಲ. ಮಾತಾಡಿದರೆ ಆ ಮನುಷ್ಯ ಮಗನೆಂದು ಕರೆದ ಪ್ರಾಣಿ ಅವರ ಕೈತುತ್ತಿನಿಂದಲೇ ಸತ್ತಿತು ಎಂದು ನಾನೇ ಹೇಳಬೇಕು. ಅದೂ ಖಚಿತವಾಗಿ ಗೊತ್ತಿಲ್ಲದೆ. ನಮ್ಮಲ್ಲಿ ದೇಹದಾನ ಮಾಡಿದವರ ಮನೆಯವರು ಕೆಲವೊಮ್ಮೆ ಬಂದು ಕೇಳುವುದುಂಟು, ಅಪ್ಪನಿಗೆ ಒಳಗೆ ಏನಾಗಿತ್ತು ಎಂದು. ನಾವು ಕಂಡದ್ದನ್ನು ಹೇಳುತ್ತೇವೆ, ಅವರಿಗಿಂತ ಮೊದಲು ಬೇರೆಯವರಿಗೆ ಹೇಳುವುದಿಲ್ಲ. ಈ ಕ್ರಮವನ್ನು ಸಿಂಹಕ್ಕೂ ಪಾಲಿಸಬೇಕು ಎಂದು ತೋಚಿತು. ಮೇಡಂ ಹತ್ತಿರ ಕೇಳಿದೆ. "ಹೇಳಿ. ಆದರೆ ಒಂದೇ ಉಸಿರಿನಲ್ಲಿ ಹೇಳಬೇಡಿ," ಎಂದರು.

ಪಾಲಕರು ತಮ್ಮ ರಜೆಯ ದಿನ ಕಾಪುವಿನಿಂದ ಬಸ್ಸು ಹಿಡಿದು, ಉಡುಪಿಯಲ್ಲಿ ಬದಲಿಸಿ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಮೇಜಿನ ಮೇಲೆ ಸಾಲಾಗಿ ಇಟ್ಟ ಮೂಳೆಗಳನ್ನು ಬಾಲದ ತುದಿಯಿಂದ ನೋಡುತ್ತಾ ಬಂದು ತಲೆಯ ಹತ್ತಿರ ನಿಂತರು.

"ಎಷ್ಟು ಚೆಂದ ಮಾಡಿದ್ದೀರಿ."

ನಾನು ಚಿರತೆಯ ತಲೆಬುರುಡೆಯನ್ನು ಅವರ ಕೈಗೆ ಕೊಟ್ಟೆ. ಬೆರಳು ಹಾಕಿ ನೋಡಲು ಹೇಳಿದೆ. ಹಾಕಿದರು. ಆಮೇಲೆ ಮೋನುವಿನದ್ದನ್ನು ಕೊಟ್ಟೆ. ಅವರ ಬೆರಳುಗಳು ನನ್ನದಕ್ಕಿಂತ ದಪ್ಪ. ಕಿರುಬೆರಳಿನ ತುದಿ ಮಾತ್ರ ಹೋಯಿತು. ಅವರು ಅದನ್ನು ಹಾಗೆಯೇ ಹಿಡಿದುಕೊಂಡು ನನ್ನ ಮುಖ ನೋಡಿದರು.

"ಇಲ್ಲಿಂದ ಬೆನ್ನುಹುರಿ ಹೊರಗೆ ಬರಬೇಕು," ಎಂದೆ. "ಜಾಗ ಇರಲಿಲ್ಲ. ಅದಕ್ಕೇ ಬೀಳ್ತಿದ್ದ."

"ಹುಟ್ಟುವಾಗಲೇ ಹೀಗಾ?"

"ಗೊತ್ತಿಲ್ಲ ಬ್ಯಾರಿಗಳೇ. ಹುಟ್ಟಿನಿಂದಲೂ ಬರಬಹುದು. ಊಟದಿಂದಲೂ ಬರಬಹುದು ಅಂತ ಹೇಳ್ತಾರೆ. ಲಿವರ್ ತಿನ್ನದಿದ್ದರೆ."

ಅವರು ತಲೆಬುರುಡೆಯನ್ನು ಬಟ್ಟೆಯ ಮೇಲೆ ಇಟ್ಟರು. ಇಡುವಾಗ ಸದ್ದಾಗಲಿಲ್ಲ. ಸ್ಟೂಲು ಎಳೆದು ಕೂತರು.

"ಅವನಿಗೆ ಲಿವರಿನ ವಾಸನೆ ಆಗಿಬರ್ತಿರಲಿಲ್ಲ. ಮುಖ ತಿರುಗಿಸ್ತಿದ್ದ. ಮಗು ಊಟ ಬಿಟ್ರೆ ನಮಗೆ ಗಂಟಲಲ್ಲಿ ಇಳೀತದಾ? ನಾನು ಮೂಳೆ ಎಲ್ಲ ತೆಗೆದು, ಸಣ್ಣ ಸಣ್ಣ ತುಂಡು ಮಾಡಿ..." ಅವರು ಬೆರಳುಗಳನ್ನು ಜೋಡಿಸಿ ತುತ್ತು ಹಿಡಿಯುವಂತೆ ತೋರಿಸಿದರು. "ಇದೇ ಕೈ."

ಹೊರಗೆ ನಲ್ಲಿಯ ನೀರು ಡ್ರಮ್ಮಿಗೆ ಬೀಳುತ್ತಿತ್ತು. ಹೋಗಿ ನಿಲ್ಲಿಸಿ ಬಂದೆ.

"ಅವನಿಗೆ ನೋವು ಇತ್ತಾ?" ಎಂದು ಕೇಳಿದರು.

"ಮೂಳೆ ಅದನ್ನು ಹೇಳುವುದಿಲ್ಲ."

ಅವರು ತಲೆಬುರುಡೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. "ಅವನ ಅಕ್ಕ, ಆ ಹೆಣ್ಣು ಮರಿ, ತಾಯಿಯ ಜೊತೆ ಇದ್ದದ್ದು. ಅದು ಲಿವರ್, ಮೂಳೆ, ಎಲ್ಲ ತಿಂತಿತ್ತು. ಅದರ ತಲೆ ನೋಡಿದ್ರೆ ಗೊತ್ತಾಗ್ತದಾ?"

ಎರಡು ವಾರದಿಂದ ನಾನೂ ಮೇಡಮ್ಮೂ ತಲೆ ಕೆಡಿಸಿಕೊಂಡಿದ್ದ ಪ್ರಶ್ನೆಗೆ ದಾರಿ ಅದೇ ಆಗಿತ್ತು. ಅದೇ ತಂದೆ ತಾಯಿ, ಅದೇ ಹೆರಿಗೆ, ಊಟ ಮಾತ್ರ ಬೇರೆ. ಅಕ್ಕನನ್ನು ಎಲ್ಲಿ ಹೂಳಿದ್ದರೆಂದು ದಾಖಲೆಯಲ್ಲಿ ಸರಿಯಾಗಿ ಇರಲಿಲ್ಲ. ಪಾಲಕರಿಗೆ ಗೊತ್ತಿತ್ತು.

"ಅದರ ತಲೆ ಸರಿ ಇದ್ದರೆ ತಪ್ಪು ನಿಮ್ಮ ಮೇಲೆ ಬರ್ತದೆ," ಎಂದೆ. ಅದನ್ನು ಹೇಳದೆ ಅಗೆಯುವುದು ಸರಿಯಲ್ಲ ಅನಿಸಿತು.

"ಬರ್ಲಿ. ಗೊತ್ತಿಲ್ಲದೆ ಇರುವುದು ಅದಕ್ಕಿಂತ ಕಷ್ಟ."

ಮೊದಲ ಅನುಮತಿ ಪತ್ರ ಒಂದೇ ಪ್ರಾಣಿಗೆ ಇತ್ತು. ಎರಡನೆಯದಕ್ಕೆ ಮೇಡಂ ಹೊಸದಾಗಿ ಬರೆದರು. ಕಾರ್ಯದರ್ಶಿಯವರಿಗೆ ಇಷ್ಟವಿರಲಿಲ್ಲ, ಆದರೆ ಅರಣ್ಯ ಇಲಾಖೆಯ ಆ ಅಧಿಕಾರಿ ಕೇಳಿದಾಗ ಬೇಡ ಎನ್ನಲು ಕಾರಣ ಸಿಗಲಿಲ್ಲ. ಪತ್ರ ಬರಲು ಮಾರ್ಚ್ ಆಯಿತು. ಪಾಲಕರು ಒಂದು ಗೋಳಿಮರದಿಂದ ಹೆಜ್ಜೆ ಎಣಿಸಿ ಜಾಗ ತೋರಿಸಿದರು. ಎರಡು ಸಲ ಅಗೆದರೂ ಸಿಗಲಿಲ್ಲ. ಮರದ ಬೇರು ಬೆಳೆದು ಲೆಕ್ಕ ತಪ್ಪಿಸಿತ್ತು. ಮೂರನೆಯ ಸಲ ಸಿಕ್ಕಿತು. ಇದನ್ನು ಹೂಳುವಾಗ ನನ್ನನ್ನು ಯಾರೂ ಕೇಳಿರಲಿಲ್ಲ, ಬಲೆಯಿಲ್ಲ, ಸುಣ್ಣ ಸುರಿದಿದ್ದರು. ಪಕ್ಕೆಲುಬುಗಳು ಮುಟ್ಟಿದರೆ ಉದುರುತ್ತಿದ್ದವು. ತಲೆಬುರುಡೆಯ ಒಂದು ಕೆನ್ನೆ ಕರಗಿಹೋಗಿತ್ತು. ಹಿಂಭಾಗಕ್ಕೆ ಬೇರು ಸುತ್ತಿಕೊಂಡಿತ್ತು. ಸುಣ್ಣ ಅಲ್ಲಿಗೆ ತಲುಪಿರಲಿಲ್ಲ.

ಅಲ್ಲೇ ನೋಡಬಹುದಿತ್ತು. ನೋಡಲಿಲ್ಲ. ಮಣ್ಣಿನ ಸಮೇತ ಮಣಿಪಾಲಕ್ಕೆ ತಂದು, ಬೇರನ್ನು ಎಳೆ ಎಳೆಯಾಗಿ ಕತ್ತರಿಸಿ, ಹನಿ ಹನಿ ನೀರು ಬಿಟ್ಟು ತೊಳೆದೆ. ಪಾಲಕರು ಪಕ್ಕದಲ್ಲಿ ನಿಂತಿದ್ದರು. ಮಣ್ಣು ಕಳಚಿದಾಗ ನಾನು ಕೈ ಹಾಕದೆ ಅವರ ಕಡೆಗೆ ತಿರುಗಿಸಿದೆ. ಅವರು ಹೆಬ್ಬೆರಳು ಇಟ್ಟರು. ಅದು ಬುಡದವರೆಗೆ ಹೋಯಿತು.

"ಸರಿ," ಎಂದರು ಅವರು. ಕೈ ತೊಳೆದು, ನಾಲ್ಕು ಗಂಟೆಯ ಬಸ್ಸಿಗೆ ಹೊರಟುಹೋದರು.

ಸಭೆ ಮೃಗಾಲಯದ ಕಚೇರಿಯಲ್ಲಿ ನಡೆಯಿತು. ಕಾರ್ಯದರ್ಶಿ, ವೈದ್ಯರು, ಅರಣ್ಯಾಧಿಕಾರಿ, ಮೇಡಂ, ನಾನು. ಪಾಲಕರನ್ನು ಬಾಗಿಲ ಬಳಿ ನಿಲ್ಲಿಸಿದ್ದರು. ಮೇಡಂ ಕುರ್ಚಿ ತರಿಸಿದರು. ನಾನು ಎರಡು ತಲೆಬುರುಡೆಗಳನ್ನು ಮೇಜಿನ ಮೇಲಿಟ್ಟು ಕಂಡದ್ದನ್ನು ಹೇಳಿದೆ. ಎರಡೇ ತಲೆಬುರುಡೆಯಿಂದ ಸಿದ್ಧಾಂತ ಮಾಡಲಾಗದು, ಆದರೆ ಊಟದ ಕಡೆಗೇ ಬೊಟ್ಟು ಮಾಡುತ್ತದೆ ಎಂದು ಮೇಡಂ ಸೇರಿಸಿದರು. ವೈದ್ಯರು ಎದ್ದು, ಪಟ್ಟಿ ಬರೆದುಕೊಟ್ಟು ಸುಮ್ಮನಾದದ್ದು ತಮ್ಮ ತಪ್ಪು, ಮೊದಲೇ ಗುರುತಿಸಿದ್ದರೆ ಮದ್ದಿನಿಂದ ಸ್ವಲ್ಪವಾದರೂ ತಡೆಯಬಹುದಿತ್ತೇನೋ ಎಂದರು.

ಕಾರ್ಯದರ್ಶಿ ಅರ್ಜಿಯ ಕಡತ ತೆರೆದರು. "ಆಗಿದ್ದು ಆಗಿಹೋಯ್ತು. ತಳಿ ಸರಿ ಉಂಟು ಅಂತ ಆಯ್ತಲ್ಲ. ಮುಂದಿನ ಮರಿಗಳಿಗೆ ಊಟದ ವ್ಯವಸ್ಥೆ ಬೇರೆ ಮಾಡುವ."

ಆಗ ಪಾಲಕರು ಎದ್ದು ನಿಂತರು. "ನಾನು ಒಂದು ಮಾತು ಹೇಳಬಹುದಾ ಸರ್?"

"ಹೇಳಿ."

"ತಿನ್ನಿಸಿದ್ದು ನಾನೇ. ಅದರಲ್ಲಿ ಮಾತಿಲ್ಲ. ಆದರೆ ನಾನು ಯಾಕೆ ತಿನ್ನಿಸಬೇಕಾಯ್ತು? ತಾಯಿ ಅವನನ್ನು ಕಾರಣ ಇಲ್ಲದೆ ಬಿಟ್ಟುಹೋದದ್ದಲ್ಲ. ಮೂರನೇ ದಿವಸ ಪರದೆ ಸರಿಸಿ ಫೋಟೋ ತೆಗೆಸಿದ್ದೆವು ನಾವು. ಜನ ನಿಂತಿದ್ರು. ಅದು ಹೆದರಿ ಒಂದನ್ನು ಕಚ್ಚಿಕೊಂಡು ಒಳಗೆ ಓಡಿತು. ಇನ್ನೊಂದಕ್ಕೆ ಬರಲಿಲ್ಲ. ಆ ಪರದೆಯ ಹಗ್ಗ ಎಳೆದದ್ದೂ ನಾನೇ." ಅವರು ಕಾರ್ಯದರ್ಶಿಯ ಕಡೆಗೆ ತಿರುಗಿದರು. "ಈಗ ಇನ್ನೊಂದು ಮರಿ ಆದ್ರೆ ಅದನ್ನು ಆ ಗಿರ್ ಕಾಡಿಗೆ ಬಿಡ್ಲಿಕ್ಕುಂಟಾ?"

"ಅದು ಹೇಗೆ ಆಗ್ತದೆ? ಮಿಶ್ರ ತಳಿ. ಇಲ್ಲಿಯೇ ಇರ್ತದೆ."

"ಇಲ್ಲಿ ಎರಡು ಗೂಡು ಉಂಟು. ಮೂರು ಮರಿ ಆದ್ರೆ?"

ಕಾರ್ಯದರ್ಶಿ ಕಡತದ ಹಾಳೆ ತಿರುಗಿಸಿದರು.

"ಹಾಗಾದ್ರೆ ಫಲಕದಲ್ಲಿ ಉಳಿಸುವುದು ಅಂತ ಬರೀತೀರಲ್ಲ ಸರ್, ಉಳಿಸುವುದು ಯಾರನ್ನು? ಮರಿ ಬೇಕು ಅಂತ ಎಲ್ಲರಿಗಿಂತ ಹೆಚ್ಚು ಆಸೆ ಇದ್ದದ್ದು ನನಗೆ. ಕೇಳಿ ನೋಡಿ ಇವರತ್ರ. ಆದರೆ ಅದು ನನ್ನ ಆಸೆ. ಸಿಂಹದ್ದಲ್ಲ."

ಅವರು ಕೂತರು. ಅರಣ್ಯಾಧಿಕಾರಿ ಅಷ್ಟು ಹೊತ್ತು ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟು, "ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೀರಾ, ಅಥವಾ ಇದನ್ನೆಲ್ಲ ನಾನು ಅದರ ಜೊತೆ ಕಳಿಸಬೇಕಾ?" ಎಂದು ಕೇಳಿದರು. ಜೋರಾಗಿ ಕೇಳಲಿಲ್ಲ.

ಕಾರ್ಯದರ್ಶಿ ಕೆಟ್ಟ ಮನುಷ್ಯನಲ್ಲ. ಸರ್ಕಸ್ಸಿನಲ್ಲಿ ಎಲುಬುಗೂಡಾಗಿದ್ದ ಆ ಜೋಡಿಯನ್ನು ತಂದು ಸಾಕಿದವರು ಅವರೇ. ಮರಿ ಇದ್ದ ವರ್ಷ ಮಕ್ಕಳು ಸಾಲುಗಟ್ಟಿ ಬಂದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಕಡತವನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟರು. "ಪಾಲಕರು ಇದ್ದ ಹಾಗೇ ಇರಲಿ," ಎಂದರು ಕೊನೆಗೆ. ಅರ್ಜಿಯ ಬಗ್ಗೆ ಏನೂ ಹೇಳಲಿಲ್ಲ. ಮರುವಾರ ಅವರೇ ಅದನ್ನು ಹಿಂದಕ್ಕೆ ತೆಗೆದುಕೊಂಡರೆಂದು ವೈದ್ಯರು ತಿಳಿಸಿದರು.

ಏಪ್ರಿಲಿನಲ್ಲಿ ಆ ಜೋಡಿಯ ಗಂಡು ಸಿಂಹಕ್ಕೆ ಸಂತಾನಹರಣದ ಶಸ್ತ್ರಚಿಕಿತ್ಸೆ ಆಯಿತು. ಬೀಜ ತೆಗೆದರೆ ಕೇಸರ ಉದುರುತ್ತದೆ. ನಾಳವನ್ನು ಮಾತ್ರ ಕತ್ತರಿಸಿದರೆ ಕೇಸರವೂ ಉಳಿಯುತ್ತದೆ, ಜೋಡಿಯನ್ನು ಅಗಲಿಸುವುದೂ ಬೇಡ. ವೈದ್ಯರು ಎರಡನೆಯದನ್ನೇ ಮಾಡಿದರು.

ನನಗೆ ಉಳಿದದ್ದು ನಿಲ್ಲಿಸುವ ಕೆಲಸ. ತಲೆಬುರುಡೆಯ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಒಂದು ಪ್ರತಿ ಮಾಡಿದೆ. ಅದನ್ನು ಕುತ್ತಿಗೆಗೆ ಕೂರಿಸಿದೆ. ಸಿಂಹ ನಾಲ್ಕೂ ಕಾಲು ಊರಿ, ಬಾಯಿ ಮುಚ್ಚಿ ನಿಂತಿತು. ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿದೆ. ಎಷ್ಟು ವಾಲಿಸಬೇಕೆಂದು ಪಾಲಕರು ಕೈಯಿಂದ ತೋರಿಸಿದರು. ನಿಜವಾದ ಎರಡು ತಲೆಬುರುಡೆಗಳು ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ, ಮುಖ ಗೋಡೆಗೆ, ಬೆನ್ನು ನೋಡುಗರಿಗೆ.

ಕೆಳಗೆ ಹಾಕುವ ಬರಹವನ್ನು ನಾನು ಬರೆದೆ, ಮೇಡಂ ತಿದ್ದಿದರು: ಒಂದೇ ತಾಯಿಯ ಎರಡು ಮರಿಗಳು, ಒಂದರಲ್ಲಿ ಮೂಳೆ ದಪ್ಪಗಾಗಿ ರಂಧ್ರ ಕಿರಿದಾಗಿದೆ, ಆಹಾರದಲ್ಲಿ ಎ ಜೀವಸತ್ವದ ಕೊರತೆ ಕಾರಣವಿರಬಹುದು. ಪಾಲಕರು ಅಕ್ಷರ ಅಕ್ಷರ ಓದಿದರು.

"ಕೊರತೆ ಯಾಕೆ ಆಯ್ತು ಅಂತ ಇಲ್ಲ," ಎಂದರು.

"ಎಂತ ಬರೆಯುವ?"

ಅವರು ಹೇಳಿದರು, ನಾನು ಬರೆದುಕೊಂಡೆ. ಈಗ ಅಲ್ಲಿ ಮೂರನೆಯ ಸಾಲು ಹೀಗಿದೆ: 'ಹುಟ್ಟಿದ ಮೂರನೆಯ ದಿನ ಜನರಿಗೆ ತೋರಿಸಿದ್ದರಿಂದ ತಾಯಿ ಈ ಮರಿಯನ್ನು ಬಿಟ್ಟಿತು. ಮನುಷ್ಯರು ಸಾಕಿದರು.' ಕಾರ್ಯದರ್ಶಿ ಓದಿದರು. ತೆಗೆಯಿರಿ ಎನ್ನಲಿಲ್ಲ.

ಕೋಣೆ ತೆರೆದು ಕೆಲವು ತಿಂಗಳಾದ ಮೇಲೆ ಒಂದು ಪಕ್ಕೆಲುಬಿನ ತಂತಿ ಸಡಿಲವಾಗಿದೆ ಎಂದು ಕರೆದರು. ಬಿಗಿ ಮಾಡಿ ಹೊರಗೆ ಬಂದಾಗ ಊಟ ಹಾಕುವ ಹೊತ್ತು. ಮುದಿ ಜೋಡಿ ಕಟ್ಟೆಯ ನೆರಳಿನಲ್ಲಿ ಒಂದಕ್ಕೊಂದು ಬೆನ್ನು ತಾಗಿಸಿ ಮಲಗಿತ್ತು. ಬೇಲಿಯ ಹತ್ತಿರ ನಿಂತಿದ್ದ ಒಬ್ಬ ಹೆಂಗಸು ಪಾಲಕರನ್ನು ಕೇಳಿದಳು, "ಮರಿ ಇಲ್ವಾ ಇಲ್ಲಿ?"

"ಇಲ್ಲ ಅಮ್ಮ."

"ಮುಂದೆ ಆಗ್ತದಾ?"

"ಇಲ್ಲ. ಇವು ಎರಡೇ. ಇವು ಹೋದ ಮೇಲೆ ಈ ಗೂಡು ಖಾಲಿ."

"ಛೆ, ಪಾಪ," ಎಂದಳು ಅವಳು.

ಪಾಲಕರು ಬಕೆಟ್ಟು ಎತ್ತಿಕೊಂಡರು. "ಪಾಪ ಎಂತ ಇಲ್ಲ ಅಮ್ಮ. ಖಾಲಿ ಇರ್ಲಿ," ಎಂದು ಒಳಗಿನ ಬಾಗಿಲ ಕಡೆಗೆ ನಡೆದರು. ಅವರ ಹೆಜ್ಜೆಯ ಸದ್ದಿಗೆ ಹೆಣ್ಣು ಸಿಂಹ ಎದ್ದು ನಿಂತಿತು.